ಹಲವು ಮೇಜುಗಳಿಗೆ ಒಂದೇ ಪ್ರಿಂಟರ್

ಪೀಠಿಕೆ

ಮುದ್ರಣಕ್ಕೂ ದಕ್ಷಿಣ ಕನ್ನಡ ಜಿಲ್ಲೆಗೂ ಇರುವ ನಂಟು ಬಹಳ ಹಳೆಯದು. ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದಿತು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದೀರ್ಘಕಾಲ ನೆಲಸಿದ್ದ ಡಾ. ಶಿವರಾಮ ಕಾರಂತರು ಈ ಊರಿನಲ್ಲಿಯೇ ಸ್ವಂತ ಮುದ್ರಣಾಲಯವನ್ನು ನಡೆಸಿ ತಮ್ಮ ಗ್ರಂಥಗಳನ್ನು ಅಚ್ಚು ಮಾಡಿಸಿದರು. ಮುಂದೆ ಕಂಪ್ಯೂಟರಿನ ಕಾಲ ಬಂದಾಗ ಕಿನ್ನಿಕಂಬಳದ ಶ್ರೀ ಕೆ. ಪಿ. ರಾಯರು ರೂಪಿಸಿ ಉಚಿತವಾಗಿ ಹಂಚಿದ ಕನ್ನಡ ತಂತ್ರಾಂಶವು ನಮ್ಮ ಸೀಮೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂಬ ಹೆಸರನ್ನೇ ಪಡೆಯಿತು. ಅಕ್ಷರವನ್ನು ಕಾಗದಕ್ಕಿಳಿಸುವ ಕಾರ್ಯದಲ್ಲಿ ಇಷ್ಟು ಮುಂದೆ ಇದ್ದ ಜಿಲ್ಲೆಯಲ್ಲಿ, ಇಂದು ಎಷ್ಟೋ ಶಾಲೆಗಳ ಕಚೇರಿಯಲ್ಲಿ ಪ್ರಿಂಟರ್ ಒಂದು ಮೂಲೆಯಲ್ಲಿಯೂ ಅದರ ಅಗತ್ಯವುಳ್ಳ ಅಧ್ಯಾಪಕರು ಇನ್ನೊಂದು ಮೂಲೆಯಲ್ಲಿಯೂ ಇರುವುದನ್ನು ಕಾಣುತ್ತೇವೆ.

ಪುತ್ತೂರು, ಸುಳ್ಯ, ಮತ್ತು ಅವೆರಡರ ಗ್ರಾಮಗಳಿಂದ ರೂಪುಗೊಂಡು 2018ರಲ್ಲಿ ಪ್ರತ್ಯೇಕ ತಾಲೂಕಾದ ಕಡಬ, ಈ ಮೂರು ತಾಲೂಕುಗಳ ಶಾಲೆಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ. ದಾನಿಗಳು ಕೊಟ್ಟ ಪ್ರಿಂಟರ್ ಗುಮಾಸ್ತರ ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಬಿಗಿಯಲ್ಪಟ್ಟಿರುತ್ತದೆ. ಪ್ರಶ್ನಪತ್ರಿಕೆ, ವರ್ಗಾವಣೆ ಪತ್ರ, ಅಂಕಪಟ್ಟಿ, ಪರೀಕ್ಷಾ ಪ್ರವೇಶಪತ್ರ ಏನೇ ಆಗಲಿ, ಪೆನ್‌ಡ್ರೈವ್ ಹಿಡಿದು ಆ ಒಂದೇ ಕುರ್ಚಿಯ ಬಳಿ ಸರದಿ ಕಾಯಬೇಕು. ಪೆನ್‌ಡ್ರೈವಿನೊಡನೆ ವೈರಸ್ಸೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಂಚರಿಸುತ್ತದೆ. ಪ್ರಶ್ನಪತ್ರಿಕೆಯ ಪ್ರತಿ ಯಾರದೋ ಡೆಸ್ಕ್‌ಟಾಪಿನಲ್ಲಿ ಉಳಿದುಬಿಡುತ್ತದೆ. ಈ ತೊಡಕಿಗೆ ಪರಿಹಾರವಾಗಿ ಹಲವರು ನೆಚ್ಚುವ ಸಾಧನವೇ ಮನೆಬಳಕೆಯ ಜಾಲಸಂಗ್ರಹ ಪೆಟ್ಟಿಗೆ. ಕಂಪ್ಯೂಟರಿನವರು ಇದನ್ನು ‘ನ್ಯಾಸ್’ ಎಂದು ಕರೆಯುತ್ತಾರೆ. ಇದರ ಬೆನ್ನಿಗೆ ಪ್ರಿಂಟರನ್ನು ಜೋಡಿಸಿ ಎಲ್ಲ ಮೇಜುಗಳಿಂದಲೂ ಅಚ್ಚು ತೆಗೆಯಬಹುದೇ? ತೆಗೆಯಬಹುದು, ಆದರೆ ಎಲ್ಲ ಪ್ರಿಂಟರುಗಳಿಗೂ ಇದು ಸಾಧ್ಯವಲ್ಲ. ಯಾವುದಕ್ಕೆ ಸಾಧ್ಯ, ಯಾವುದಕ್ಕೆ ಅಸಾಧ್ಯ, ಏಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆಯ ಸ್ವರೂಪ

ಜಾಲಸಂಗ್ರಹ ಪೆಟ್ಟಿಗೆಯೆಂದರೆ ಒಂದೆರಡು ಹಾರ್ಡ್ ಡಿಸ್ಕ್‌ಗಳನ್ನು ಒಡಲಲ್ಲಿಟ್ಟುಕೊಂಡ, ಪರದೆಯೂ ಕೀಲಿಮಣೆಯೂ ಇಲ್ಲದ ಪುಟ್ಟ ಕಂಪ್ಯೂಟರ್. ಇವುಗಳಲ್ಲಿ ಬಹುಪಾಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ ನಡೆಯುತ್ತವೆ. ಪೆಟ್ಟಿಗೆಯನ್ನು ರೂಟರಿಗೆ ತಂತಿಯಿಂದ ಜೋಡಿಸಿದರೆ ಆ ಜಾಲದಲ್ಲಿರುವ ಎಲ್ಲ ಕಂಪ್ಯೂಟರುಗಳಿಗೂ ಅದರ ಕಡತಗಳು ದೊರೆಯುತ್ತವೆ. ಶಾಲೆಯ ಛಾಯಾಚಿತ್ರಗಳು, ಹಾಜರಿ, ಲೆಕ್ಕಪತ್ರ, ಹಳೆಯ ಪ್ರಶ್ನಪತ್ರಿಕೆಗಳನ್ನು ಒಂದೆಡೆ ಇಡುವುದಕ್ಕೆ ಇದು ಅನುಕೂಲಕರ. ಹಲವು ಪೆಟ್ಟಿಗೆಗಳ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿಯಿದ್ದು, ಅವುಗಳಲ್ಲಿ ಕೆಲವು ಪ್ರಿಂಟರನ್ನೂ ಗುರುತಿಸಿ ಅದರ ಸೇವೆಯನ್ನು ಜಾಲಕ್ಕೆಲ್ಲ ಒದಗಿಸಬಲ್ಲವು.

ಅಕ್ಷರ ಕಾಗದಕ್ಕಿಳಿಯುವ ಕ್ರಮ

ಹಿಂದಿನ ಮುದ್ರಣಾಲಯವನ್ನು ನೆನೆದರೆ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಅಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್ ಒಬ್ಬ. ಜೋಡಿಸಿದ ಫಾರಮ್ಮನ್ನು ಯಂತ್ರದ ಬಳಿಗೆ ಹೊತ್ತೊಯ್ಯುವವನು ಇನ್ನೊಬ್ಬ. ಕಾಗದ ಕೊಟ್ಟು ಯಂತ್ರ ನಡೆಸುವವನು ಮತ್ತೊಬ್ಬ. ಹೊತ್ತೊಯ್ಯುವವನಿಗೆ ಅಕ್ಷರ ಬಾರದಿದ್ದರೂ ಕೆಲಸ ಕೆಡುವುದಿಲ್ಲ. ಆದರೆ ಕಂಪೋಸಿಟರ್ ಇಲ್ಲದೆ ಅವನೊಬ್ಬನೇ ಪುಟವನ್ನು ಸಿದ್ಧಪಡಿಸಲಾರ.

ಕಂಪ್ಯೂಟರಿನ ಮುದ್ರಣದಲ್ಲಿಯೂ ಈ ಮೂವರಿದ್ದಾರೆ. ಕಂಪೋಸಿಟರನ ಸ್ಥಾನದಲ್ಲಿರುವುದು ಕಂಪ್ಯೂಟರಿನೊಳಗಿನ ‘ಡ್ರೈವರ್’ ಎಂಬ ತಂತ್ರಾಂಶ. ಹೊತ್ತೊಯ್ಯುವ ಕೆಲಸ ಜಾಲದ್ದು ಮತ್ತು ಪೆಟ್ಟಿಗೆಯದು. ಅಚ್ಚೊತ್ತುವುದು ಪ್ರಿಂಟರ್. ಕನ್ನಡದ ಮಟ್ಟಿಗೆ ಕಂಪೋಸಿಟರನ ಕೆಲಸ ಇನ್ನಷ್ಟು ಸೂಕ್ಷ್ಮವಾದುದು. ‘ಶಾಸ್ತ್ರ’ ಎಂಬ ಪದ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನಲ್ಲಿ ಅದು ಏಳು ಸಂಕೇತಗಳ ಸಾಲು. ಆ ಏಳನ್ನು ಕೂಡಿಸಿ, ಒತ್ತಕ್ಷರವನ್ನು ಕೆಳಗಿಳಿಸಿ, ರೇಫೆಯನ್ನು ಅದರ ಸ್ಥಾನದಲ್ಲಿ ಕೂರಿಸುವುದು ಕಂಪ್ಯೂಟರೇ ಹೊರತು ಪ್ರಿಂಟರ್ ಅಲ್ಲ. ಅನಂತರ ಡ್ರೈವರ್ ಪುಟವನ್ನು ಪ್ರಿಂಟರಿಗೆ ತಿಳಿಯುವ ರೂಪಕ್ಕೆ ತರುತ್ತದೆ. ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಬಿಡಿಸಿದರೆ ಸುಮಾರು 3 ಕೋಟಿ 48 ಲಕ್ಷ ಚುಕ್ಕೆಗಳಾಗುತ್ತವೆ. ಈ ಚುಕ್ಕೆಗಳ ಮೂಟೆಯೋ ಅದಕ್ಕೆ ಸಮಾನವಾದ ಆಜ್ಞೆಗಳ ಮಾಲೆಯೋ ಪೆಟ್ಟಿಗೆಗೆ ಬಂದು ಸರದಿಯಲ್ಲಿ ನಿಂತು, ಯುಎಸ್‌ಬಿ ತಂತಿಯ ಮೂಲಕ ಪ್ರಿಂಟರನ್ನು ಸೇರುತ್ತದೆ.

ಇಡೀ ವಿಷಯದ ಸಾರ ಇಲ್ಲಿದೆ. ಪೆಟ್ಟಿಗೆಯು ಹೊರುವವನೇ ಹೊರತು ಓದುವವನಲ್ಲ. ಬಂದ ಮೂಟೆಯನ್ನು ಬಿಚ್ಚದೆ ಹಾಗೆಯೇ ಒಪ್ಪಿಸುವುದಷ್ಟೇ ಬಹುತೇಕ ಪೆಟ್ಟಿಗೆಗಳ ಧರ್ಮ. ಆದುದರಿಂದ ಪ್ರಿಂಟರಿನ ಡ್ರೈವರನ್ನು ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಸ್ಥಾಪಿಸಲೇಬೇಕು. ಪ್ರಿಂಟರನ್ನು ಪೆಟ್ಟಿಗೆಗೆ ಚುಚ್ಚಿದಾಕ್ಷಣ ಎಲ್ಲರಿಗೂ ತಾನಾಗಿಯೇ ದೊರೆಯುವುದೆಂಬ ನಿರೀಕ್ಷೆ ಸುಳ್ಳಾಗುವುದು ಈ ಕಾರಣದಿಂದಲೇ.

ಪ್ರಿಂಟರುಗಳ ಜಾತಿ

ಪ್ರಿಂಟರುಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಮೊದಲನೆಯದು, ತನ್ನದೇ ಭಾಷೆಯನ್ನು ಬಲ್ಲ ಪ್ರಿಂಟರ್. 1984ರಲ್ಲಿ ಬಳಕೆಗೆ ಬಂದ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಸಿಎಲ್, ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳ ಇಎಸ್‌ಸಿ/ಪಿ ಇವು ಅಂತಹ ಭಾಷೆಗಳು. ಈ ಜಾತಿಯ ಪ್ರಿಂಟರಿಗೆ ಮೂಟೆಯನ್ನು ಯಾರು ತಂದೊಪ್ಪಿಸಿದರೂ ಸರಿಯೇ. ತಾನೇ ಬಿಚ್ಚಿ ಓದಿಕೊಳ್ಳುತ್ತದೆ. ಪೆಟ್ಟಿಗೆಯೊಡನೆ ಇವು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ.

ಎರಡನೆಯದು, ಬೆಲೆ ಇಳಿಸುವ ಸಲುವಾಗಿ ಬುದ್ಧಿಯನ್ನೆಲ್ಲ ಕಂಪ್ಯೂಟರಿಗೇ ಬಿಟ್ಟುಕೊಟ್ಟ ಪ್ರಿಂಟರ್. ನಮ್ಮ ದೇಶದ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಬಹಳವಾಗಿ ಕಾಣಸಿಗುವ ಎರಡು ಮಾದರಿಗಳು ಈ ಜಾತಿಗೆ ಸೇರಿದವು. ಕ್ಯಾನನ್ ಎಲ್‌ಬಿಪಿ 2900 ಎಂಬುದು ‘ಕ್ಯಾಪ್ಟ್’ ಎಂಬ ಸ್ವಂತ ಸಂಕೇತಕ್ರಮವನ್ನು ಬಳಸುತ್ತದೆ. ಮುದ್ರಣ ನಡೆಯುತ್ತಿರುವಷ್ಟು ಹೊತ್ತೂ ಅದರ ಡ್ರೈವರ್ ಪ್ರಿಂಟರನ್ನು ‘ಕಾಗದ ಇದೆಯೇ, ಸಿದ್ಧವೇ’ ಎಂದು ಕೇಳುತ್ತ, ಉತ್ತರ ಪಡೆಯುತ್ತ ಮುಂದುವರಿಯುತ್ತದೆ. ಹೋಗುವ ಮಾರ್ಗ ಮಾತ್ರ ಬಲ್ಲ, ಹಿಂದಿರುಗಿ ಉತ್ತರ ತಾರದ ಪೆಟ್ಟಿಗೆಯ ಮೂಲಕ ಈ ಸಂಭಾಷಣೆ ಸಾಗದು, ಪುಟವೂ ಹೊರಬಾರದು. ಎಚ್‌ಪಿ ಲೇಸರ್‌ಜೆಟ್ 1020ರದು ಬೇರೊಂದು ಬಗೆ. ಇದರ ಆಂತರಿಕ ಕಾರ್ಯಕ್ರಮ ಪ್ರಿಂಟರಿನಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ವಿದ್ಯುತ್ತು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನಿಂದ ಹೊಸತಾಗಿ ತುಂಬಬೇಕಾಗುತ್ತದೆ. ಪ್ರಿಂಟರ್ ಕಂಪ್ಯೂಟರಿಗೆ ನೇರವಾಗಿ ಜೋಡಿಸಲ್ಪಟ್ಟಿದ್ದರೆ ಡ್ರೈವರ್ ಈ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಪೆಟ್ಟಿಗೆಗೆ ಜೋಡಿಸಿದಾಗ ತುಂಬುವವರೇ ಇಲ್ಲದೆ ದೀಪ ಉರಿಯುತ್ತಿದ್ದರೂ ಪ್ರಿಂಟರ್ ಮೂಕವಾಗಿರುತ್ತದೆ. ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವ ನಮ್ಮ ಮಳೆಗಾಲದಲ್ಲಿ ಇದರ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಇವು ಯಂತ್ರದ ದೋಷಗಳಲ್ಲ. ಒಂದೇ ಕಂಪ್ಯೂಟರಿನ ಜೊತೆಗಾರನಾಗಿ ಅಗ್ಗದ ದರದಲ್ಲಿ ವರ್ಷಗಟ್ಟಲೆ ದುಡಿಯುವಂತೆ ನಿರ್ಮಿತವಾದ ಯಂತ್ರವನ್ನು ಹಲವರ ಸೇವಕನನ್ನಾಗಿ ಮಾಡಹೊರಟಾಗ ಬರುವ ತೊಡಕುಗಳಿವು. ಸ್ಕ್ಯಾನರನ್ನೂ ಒಳಗೊಂಡ ಬಹೂಪಯೋಗಿ ಪ್ರಿಂಟರುಗಳ ವಿಷಯದಲ್ಲಿಯೂ ಇಷ್ಟು ನೆನಪಿಡಬೇಕು: ಪೆಟ್ಟಿಗೆ ಸಾಮಾನ್ಯವಾಗಿ ಮುದ್ರಣವನ್ನು ಮಾತ್ರ ಹಂಚುತ್ತದೆ, ಸ್ಕ್ಯಾನಿಂಗೂ ಶಾಯಿಯ ಮಟ್ಟದ ಸೂಚನೆಯೂ ದೊರೆಯುವುದಿಲ್ಲ. ಯುಎಸ್‌ಬಿ ತಂತಿಯನ್ನೇ ಜಾಲದ ಮೂಲಕ ಉದ್ದ ಮಾಡಿದಂತಹ ವ್ಯವಸ್ಥೆ ಕೆಲವು ಪೆಟ್ಟಿಗೆಗಳಲ್ಲಿದೆ. ಅದರಲ್ಲಿ ಎರಡೂ ದಿಕ್ಕಿನ ಮಾತುಕತೆ ಸಾಧ್ಯ. ಆದರೆ ಒಂದು ಸಲಕ್ಕೆ ಒಂದೇ ಕಂಪ್ಯೂಟರ್ ಪ್ರಿಂಟರನ್ನು ಹಿಡಿದುಕೊಳ್ಳಬಲ್ಲುದು. ಕೆಲಸ ಮುಗಿದ ಮೇಲೆ ಬಿಟ್ಟುಕೊಡುವ ಶಿಸ್ತು ಎಲ್ಲರಲ್ಲಿಯೂ ಇರಬೇಕು.

ಜೋಡಣೆಯ ವಿಧಾನ

ಮೊದಲು ಪ್ರಿಂಟರನ್ನು ಒಂದು ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ಪರೀಕ್ಷಾ ಪುಟವೊಂದನ್ನು ತೆಗೆಯಬೇಕು. ಅಲ್ಲಿಯೇ ನಡೆಯದ ಪ್ರಿಂಟರ್ ಪೆಟ್ಟಿಗೆಯ ಮೂಲಕ ನಡೆಯುವ ಪ್ರಶ್ನೆಯೇ ಇಲ್ಲ. ಅನಂತರ ಪೆಟ್ಟಿಗೆಯ ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿ ಆ ಮಾದರಿಯ ಹೆಸರಿದೆಯೇ ಎಂದು ನೋಡಬೇಕು.

ಎರಡನೆಯದಾಗಿ, ಪೆಟ್ಟಿಗೆಗೆ ಸ್ಥಿರವಾದ ವಿಳಾಸ ಕೊಡಬೇಕು. ರೂಟರ್ ತನ್ನ ಜಾಲದ ಪ್ರತಿಯೊಂದು ಸಾಧನಕ್ಕೂ ತಾನೇ ವಿಳಾಸ ಹಂಚುತ್ತದೆ. ಕರೆಂಟು ಹೋಗಿ ಬಂದ ಮೇಲೆ ಆ ವಿಳಾಸ ಬದಲಾಗುವ ಸಂಭವವುಂಟು. ನಿನ್ನೆ ನಡೆದ ಪ್ರಿಂಟರ್ ಇಂದು ಕಾಣೆಯಾಗುವುದಕ್ಕೆ ಇದೂ ಒಂದು ಸಾಮಾನ್ಯ ಕಾರಣ. ರೂಟರಿನ ವ್ಯವಸ್ಥಾಪುಟದಲ್ಲಿ ಪೆಟ್ಟಿಗೆಗೆಂದೇ, ಉದಾಹರಣೆಗೆ 192.168.1.50 ಎಂಬ ವಿಳಾಸವನ್ನು ಕಾದಿರಿಸಿದರೆ ಈ ತೊಂದರೆ ಇರುವುದಿಲ್ಲ.

ಮೂರನೆಯದಾಗಿ, ಪ್ರಿಂಟರನ್ನು ಹಬ್ ಮುಂತಾದ ಮಧ್ಯವರ್ತಿಗಳಿಲ್ಲದೆ ಪೆಟ್ಟಿಗೆಗೆ ನೇರವಾಗಿ ಜೋಡಿಸಬೇಕು. ಯುಎಸ್‌ಬಿ 2.0 ತಂತಿಯ ಮಿತಿ 5 ಮೀಟರು. ಅದಕ್ಕಿಂತ ಚಿಕ್ಕದಾದಷ್ಟೂ ಒಳ್ಳೆಯದು. ಪೆಟ್ಟಿಗೆಯ ವ್ಯವಸ್ಥಾಪುಟದಲ್ಲಿ ಪ್ರಿಂಟರಿನ ಹೆಸರು ಕಾಣಿಸಿಕೊಂಡ ಮೇಲೆ ಮುದ್ರಣ ಸೇವೆಯನ್ನು ಚಾಲೂ ಮಾಡಿ, ಸರದಿಗೆ ಒಂದು ಹೆಸರನ್ನಿಡಬೇಕು. ಈ ಹೆಸರು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ, ಚಿಕ್ಕದಾಗಿರುವುದು ಲೇಸು.

ನಾಲ್ಕನೆಯದಾಗಿ, ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಪ್ರಿಂಟರನ್ನು ಸೇರಿಸಬೇಕು. ಮೂಟೆಯನ್ನು ಒಯ್ಯುವ ಮಾರ್ಗಗಳು ಹಲವು. 1990ರಲ್ಲಿ ದಾಖಲಾದ ಎಲ್‌ಪಿಡಿ ಅಥವಾ ಎಲ್‌ಪಿಆರ್ ಎಂಬ ಹಳೆಯ ಕ್ರಮ 515ನೆಯ ಬಾಗಿಲಿನಿಂದ ನಡೆಯುತ್ತದೆ. ‘ರಾ’ ಎಂಬ ನೇರ ಕ್ರಮ 9100ರಿಂದ. ಐಪಿಪಿ ಎಂಬ ಇತ್ತೀಚಿನ ಕ್ರಮ 631ರಿಂದ. ತಮ್ಮ ಪೆಟ್ಟಿಗೆ ಯಾವ ಕ್ರಮಕ್ಕೆ ಸಮ್ಮತಿಸುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ ಒಂದನ್ನೇ ಆರಿಸಿಕೊಳ್ಳಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಿಂಟರ್ ಸೇರಿಸುವಾಗ ‘ಟಿಸಿಪಿ/ಐಪಿ ವಿಳಾಸದಿಂದ’ ಎಂಬುದನ್ನು ಆರಿಸಿ, ಪೆಟ್ಟಿಗೆಯ ವಿಳಾಸವನ್ನು ಬರೆದು, ಎಲ್‌ಪಿಆರ್ ಆದರೆ ಸರದಿಯ ಹೆಸರನ್ನು ಅಕ್ಷರಶಃ ಹಾಗೆಯೇ ನಮೂದಿಸಬೇಕು. ಡ್ರೈವರ್ ಕೇಳಿದಾಗ ಆ ಮಾದರಿಯದೇ ಡ್ರೈವರನ್ನು ಕೊಡಬೇಕು. ಹತ್ತಿರದ ಇನ್ನೊಂದು ಮಾದರಿ ಸಾಲದು.

ಕೊನೆಯಲ್ಲಿ ಒತ್ತಕ್ಷರಗಳಿರುವ ಒಂದು ಕನ್ನಡ ಪುಟವನ್ನು ಪ್ರತಿ ಕಂಪ್ಯೂಟರಿನಿಂದಲೂ ಅಚ್ಚು ತೆಗೆದು ನೋಡತಕ್ಕದ್ದು. ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಇದು ಪ್ರಿಂಟರಿನ ತಪ್ಪಲ್ಲ. ಫಾಂಟಿರುವ ಕಂಪ್ಯೂಟರಿನಲ್ಲಿಯೇ ಕಡತವನ್ನು ಪಿಡಿಎಫ್ ಮಾಡಿಕೊಂಡರೆ ಅಕ್ಷರಗಳು ಅದರೊಳಗೇ ಅಡಕವಾಗಿ, ಎಲ್ಲಿ ತೆರೆದರೂ ಕೆಡುವುದಿಲ್ಲ.

ದೋಷಗಳೂ ಪರಿಹಾರಗಳೂ

ಪುಟದ ಬದಲು ಅರ್ಥವಿಲ್ಲದ ಅಕ್ಷರಗಳು ಹಾಳೆಗಟ್ಟಲೆ ಹೊರಬಂದರೆ ಡ್ರೈವರ್ ತಪ್ಪಾಗಿದೆ ಎಂದರ್ಥ: ಕಂಪೋಸಿಟರ್ ಒಂದು ಭಾಷೆಯಲ್ಲಿ ಜೋಡಿಸಿದ್ದಾನೆ, ಯಂತ್ರಕ್ಕೆ ತಿಳಿದಿರುವುದು ಇನ್ನೊಂದು.

ಪ್ರಿಂಟರ್ ಸಿದ್ಧವಾಗಿದ್ದರೂ ವಿಂಡೋಸ್ ‘ಆಫ್‌ಲೈನ್’ ಎಂದು ಹಟ ಹಿಡಿದರೆ, ಪೋರ್ಟಿನ ವಿವರಗಳಲ್ಲಿರುವ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬ ಗುರುತನ್ನು ತೆಗೆಯಬೇಕು. ವಿಂಡೋಸ್ ಆ ಮಾರ್ಗದಲ್ಲಿ ಪ್ರಿಂಟರಿನ ಕ್ಷೇಮ ವಿಚಾರಿಸುತ್ತದೆ. ಪೆಟ್ಟಿಗೆ ಅದಕ್ಕೆ ಉತ್ತರಿಸದಿದ್ದಾಗ ಪ್ರಿಂಟರೇ ಇಲ್ಲವೆಂದು ತೀರ್ಮಾನಿಸುತ್ತದೆ. ಮೊದಲ ಕಡತ ಮುದ್ರಿತವಾಗಿ ಎರಡನೆಯದು ನಿಂತುಬಿಡುತ್ತಿದ್ದರೆ ‘ಬೈಡೈರೆಕ್ಷನಲ್ ಸಪೋರ್ಟ್’ ಎಂಬುದನ್ನು ತೆಗೆದು ನೋಡಬೇಕು. ಎಲ್‌ಪಿಆರ್ ಮಾರ್ಗದಲ್ಲಿ ಕಡತ ಅರ್ಧಕ್ಕೆ ನಿಲ್ಲುತ್ತಿದ್ದರೆ ‘ಬೈಟ್ ಕೌಂಟಿಂಗ್’ ಎಂಬುದನ್ನು ಸೇರಿಸಿ ನೋಡುವುದು ಯುಕ್ತ.

ಹಳೆಯ ಪೆಟ್ಟಿಗೆಯಲ್ಲಿ ಹಂಚಿಟ್ಟ ಪ್ರಿಂಟರ್ ಹೊಸ ಕಂಪ್ಯೂಟರಿಗೆ ಕಾಣದಿದ್ದರೆ ಕಾರಣ ಬೇರೆ. ಹಳೆಯ ಪೆಟ್ಟಿಗೆಗಳು ಬಳಸುತ್ತಿದ್ದ ಎಸ್‌ಎಂಬಿ 1 ಎಂಬ ಹಂಚಿಕೆಯ ಕ್ರಮವನ್ನು ಭದ್ರತೆಯ ದೃಷ್ಟಿಯಿಂದ ವಿಂಡೋಸ್ 10, 2017ರ ಆವೃತ್ತಿಯಿಂದ ಮೊದಲ್ಗೊಂಡು ಹೊಸ ಸ್ಥಾಪನೆಗಳಲ್ಲಿ ಕೈಬಿಟ್ಟಿತು. 2021ರಲ್ಲಿ ‘ಪ್ರಿಂಟ್ ನೈಟ್‌ಮೇರ್’ ಎಂಬ ಲೋಪ ಬೆಳಕಿಗೆ ಬಂದ ಬಳಿಕ, ಹಂಚಿದ ಪ್ರಿಂಟರಿನ ಡ್ರೈವರನ್ನು ಸ್ಥಾಪಿಸಲು ಮೇಲ್ವಿಚಾರಕನ ಅಧಿಕಾರವೂ ಅವಶ್ಯವಾಯಿತು. ಅಂದು ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯುವುದಕ್ಕಿಂತ ಎಲ್‌ಪಿಆರ್ ಅಥವಾ ಐಪಿಪಿ ಮಾರ್ಗವನ್ನು ಹಿಡಿಯುವುದೇ ವಿವೇಕ.

ಇಷ್ಟೆಲ್ಲ ಮಾಡಿಯೂ ನಡೆಯದಿದ್ದರೆ ಪ್ರಿಂಟರ್ ಎರಡನೆಯ ಜಾತಿಯದೆಂದು ತಿಳಿದು ಬೇರೆ ಉಪಾಯ ಹುಡುಕಬೇಕು. ಅತ್ಯಂತ ಸರಳವಾದ ಉಪಾಯವೆಂದರೆ, ಬದಿಗಿಟ್ಟ ಹಳೆಯ ಕಂಪ್ಯೂಟರೊಂದಕ್ಕೆ ಪ್ರಿಂಟರನ್ನು ಜೋಡಿಸಿ ಅಲ್ಲಿಂದ ಹಂಚುವುದು. ಆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಕಪ್ಸ್ ಎಂಬ ಉಚಿತ ಮುದ್ರಣ ವ್ಯವಸ್ಥೆಯನ್ನು ಸರಿಯಾದ ಡ್ರೈವರಿನೊಡನೆ ಸ್ಥಾಪಿಸಿದರೆ, ಹೊರುವವನೂ ಕಂಪೋಸಿಟರನೂ ಒಬ್ಬನೇ ಆಗುತ್ತಾನೆ. ಆಗ ಮೊಬೈಲಿನಿಂದಲೂ ಅಚ್ಚು ತೆಗೆಯಬಹುದು. ಲೇಸರ್‌ಜೆಟ್ 1020ಕ್ಕೆ ಆಂತರಿಕ ಕಾರ್ಯಕ್ರಮವನ್ನು ತುಂಬುವ ಏರ್ಪಾಡು ಲಿನಕ್ಸಿನಲ್ಲಿ ಲಭ್ಯವಿದೆ. ಎಲ್‌ಬಿಪಿ 2900ಕ್ಕೆ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಜಾತಿಯ ಕಂಪ್ಯೂಟರುಗಳಿಗೆ ಮಾತ್ರ ಹೊಂದುವುದರಿಂದ, ರಾಸ್ಪ್‌ಬೆರಿ ಪೈ ಮುಂತಾದ ಅಂಗೈಯಗಲದ ಕಂಪ್ಯೂಟರುಗಳನ್ನು ಅದಕ್ಕೆಂದು ಕೊಳ್ಳುವ ಮೊದಲು ಆಲೋಚಿಸಬೇಕು.

ಮಳೆ, ಸಿಡಿಲು, ವಿದ್ಯುತ್ತು

ಯಂತ್ರದ ಕೈಪಿಡಿಗಳು ನಮ್ಮ ಸೀಮೆಯ ಹವೆಯನ್ನು ಅರಿತು ಬರೆದವಲ್ಲ. ಘಟ್ಟದ ಬುಡದ ಸುಳ್ಯ, ಕಡಬಗಳಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಕಡಿಯುವುದು ಸಾಮಾನ್ಯ. ಮಳೆಗಾಲದ ಮುಂಚೆ ಮತ್ತು ಅದು ಹಿಂದೆ ಸರಿಯುವಾಗ ಸಿಡಿಲಿನ ಹಾವಳಿ. ಜಾಲಸಂಗ್ರಹ ಪೆಟ್ಟಿಗೆಗೆ ಯುಪಿಎಸ್ ಅತ್ಯವಶ್ಯ. ಡಿಸ್ಕ್ ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಕಡತಗಳಿಗೆ ಅಪಾಯ. ಆದರೆ ಅದೇ ಯುಪಿಎಸ್ಸಿಗೆ ಲೇಸರ್ ಪ್ರಿಂಟರನ್ನು ಜೋಡಿಸಕೂಡದು. ಶಾಯಿಪುಡಿಯನ್ನು ಕಾಗದಕ್ಕೆ ಬೇಯಿಸುವ ಉರುಳೆ ಕಾಯುವಾಗ ಪ್ರಿಂಟರ್ ನೂರಾರು ವಾಟ್ ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತದೆ. ಸಣ್ಣ ಯುಪಿಎಸ್ ಅದನ್ನು ತಾಳಲಾರದೆ ಪೆಟ್ಟಿಗೆಯನ್ನೂ ಆರಿಸಿಬಿಡಬಹುದು.

ಸಿಡಿಲಿನ ಸೂಚನೆ ಕಂಡೊಡನೆ ವಿದ್ಯುತ್ ಪ್ಲಗ್ಗನ್ನು ಕಿತ್ತರೆ ಸಾಲದು. ಹೊರಗಿನಿಂದ ತಾಮ್ರದ ತಂತಿ ಬಂದಿದ್ದರೆ ಅದನ್ನೂ ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಜಾಲದ ತಂತಿಯನ್ನೂ ಬಿಡಿಸಬೇಕು. ಕಾಗದದ ಕಟ್ಟನ್ನು ಒಡೆದ ಮೇಲೆ ಉಳಿದುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಇಡದಿದ್ದರೆ ಆಷಾಢದ ತೇವ ಹೀರಿ ಹಾಳೆಗಳು ಸುರುಳಿಯಾಗಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ.

ಗೋಪ್ಯತೆಯ ವಿಚಾರ

ಪ್ರಿಂಟರ್ ಎಲ್ಲರಿಗೂ ದೊರೆಯುವಂತಾದರೆ ಎಲ್ಲರ ಕಡತವೂ ಒಂದೇ ಸರದಿಯಲ್ಲಿ ನಿಲ್ಲುತ್ತದೆ. ಪ್ರಶ್ನಪತ್ರಿಕೆಯನ್ನು ಅಚ್ಚಿಗೆ ಕಳುಹಿಸಿ ನಿಧಾನವಾಗಿ ಬರುವ ಅಭ್ಯಾಸ ಇಲ್ಲಿ ಸಲ್ಲದು. ಕಾಗದ ಮುಗಿದು ನಿಂತ ಪ್ರಶ್ನಪತ್ರಿಕೆ, ಮುಂದಿನವರು ಕಾಗದ ತುಂಬಿದಾಗ ಅವರ ಕೈಗೇ ಬಂದುಬೀಳುತ್ತದೆ. ವಿದ್ಯಾರ್ಥಿಗಳ ಪ್ರಯೋಗಶಾಲೆಗೂ ಅಧ್ಯಾಪಕರ ಕೊಠಡಿಗೂ ಪ್ರತ್ಯೇಕ ಜಾಲವೂ ಪ್ರತ್ಯೇಕ ಗುಪ್ತಪದಗಳೂ ಇರತಕ್ಕದ್ದು. ಪೆಟ್ಟಿಗೆಯ ಮುದ್ರಣದ ಬಾಗಿಲುಗಳನ್ನು ಇಂಟರ್‌ನೆಟ್ಟಿಗೆ ತೆರೆಯಲೇಬಾರದು. 2017ರ ಫೆಬ್ರವರಿಯಲ್ಲಿ ಒಬ್ಬಾತನು ಜಗತ್ತಿನಾದ್ಯಂತ ಹೀಗೆ ತೆರೆದಿದ್ದ ಪ್ರಿಂಟರುಗಳಿಗೆ ತನ್ನ ಸಂದೇಶವನ್ನು ಕಳುಹಿಸಿ ಮುದ್ರಿಸಿದನು; ಅವುಗಳ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತೆಂದು ಆತನೇ ಹೇಳಿಕೊಂಡನು. ಅವನ ಉದ್ದೇಶ ಎಚ್ಚರಿಸುವುದಾಗಿತ್ತು. ಎಲ್ಲರ ಉದ್ದೇಶವೂ ಹಾಗೆಯೇ ಇರಬೇಕೆಂದಿಲ್ಲ.

ಉಪಸಂಹಾರ

ಮೇಲಿನ ವಿವರಗಳಿಂದ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಅರಿಕೆ ಮಾಡಬಹುದಾದ ಒಂದೆರಡು ಮಾತುಗಳುಂಟು. ಹೊಸ ಪ್ರಿಂಟರ್ ಕೊಡುವ ಮನಸ್ಸುಳ್ಳವರು ಜಾಲದ ತಂತಿಗೆ ತನ್ನದೇ ಕಿಂಡಿಯುಳ್ಳ, ಐಪಿಪಿ ಕ್ರಮವನ್ನು ತಾನೇ ಬಲ್ಲ ಪ್ರಿಂಟರನ್ನು ಕೊಡುವುದು ಉತ್ತಮ. ಬೆಲೆ ತುಸು ಹೆಚ್ಚಾದರೂ ನಡುವಿನ ಪೆಟ್ಟಿಗೆಯ ತೊಡಕು ಇರುವುದಿಲ್ಲ. ಹಾಗೆಂದು ಶಾಲೆಯಲ್ಲಿರುವ ಹಳೆಯ ಪ್ರಿಂಟರನ್ನು ಬಟ್ಟೆ ಮುಚ್ಚಿ ಮೂಲೆಗಿಡಬೇಕಾಗಿಲ್ಲ. ಅದರ ಜಾತಿಯನ್ನರಿತು, ತಕ್ಕ ಮಾರ್ಗವನ್ನು ಹಾಕಿಕೊಟ್ಟರೆ ಇನ್ನೂ ಹಲವು ವರ್ಷ ಸೇವೆ ಸಲ್ಲಿಸಬಲ್ಲುದು.

ಸುಳ್ಯದಲ್ಲಿ 1986ರಿಂದಲೂ ಪುತ್ತೂರಿನಲ್ಲಿ 2001ರಿಂದಲೂ ಎಂಜಿನಿಯರಿಂಗ್ ಕಾಲೇಜುಗಳು ನಡೆಯುತ್ತಿವೆ. ನಮ್ಮ ಶಾಲೆಗಳಲ್ಲಿ ಅಕ್ಷರ ಕಲಿತು ಅಲ್ಲಿ ಯಂತ್ರವಿದ್ಯೆ ಕಲಿತವರು ಎಷ್ಟೋ ಮಂದಿ ಇದ್ದಾರೆ. ಯಂತ್ರವನ್ನು ದಾನ ಮಾಡಲು ಧನ ಬೇಕು. ಕೊಟ್ಟ ಯಂತ್ರ ದುಡಿಯುವಂತೆ ಮಾಡಲು ಒಂದು ಅಪರಾಹ್ಣದ ಬಿಡುವು ಸಾಕು. ಜೋಡಣೆ ಮುಗಿದ ಮೇಲೆ ಪೆಟ್ಟಿಗೆಯ ವಿಳಾಸ, ಸರದಿಯ ಹೆಸರು, ಆರಿಸಿಕೊಂಡ ಮಾರ್ಗ, ಡ್ರೈವರಿನ ಹೆಸರು ಈ ನಾಲ್ಕನ್ನು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಪ್ರಿಂಟರಿನ ಮೇಲಣ ಗೋಡೆಗೆ ತೂಗುಹಾಕಬೇಕು. ಗುಮಾಸ್ತರು ವರ್ಗವಾಗಿ ಹೋಗುತ್ತಾರೆ, ಅಧ್ಯಾಪಕರು ನಿವೃತ್ತರಾಗುತ್ತಾರೆ, ಕಂಪ್ಯೂಟರುಗಳು ಬದಲಾಗುತ್ತವೆ. ಆ ರಟ್ಟು ಗೋಡೆಯ ಮೇಲಿದ್ದರೆ ಮುಂದೆ ಬರುವವರು ಮೊದಲಿನಿಂದ ಹುಡುಕಾಡಬೇಕಾಗುವುದಿಲ್ಲ.